ಅಕ್ಕು ಕೊಟ್ಟ ವಾಯಿದೆ

ಹೊಸಂಗಡಿಯಲ್ಲಿ ಮೀಂಜದ ಬಸ್ಸಿಗೆ ಕಾಯುತ್ತಿದ್ದ ಖಾಲಿದ್‌ಗೆ ಬೆನ್ನ ಹಿಂದಿನಿಂದ ಇಬ್ಬರು ಹೆಂಗಸರ ಮಾತು ಕೇಳಿಸಿತು.

“ಅಕ್ಕು, ನೀನು ಇಲ್ಲಿ ಎಂತ ಮಾಡುದು? ಎಂಪಿಯವರ ಕಾರು ಮೀಂಜದಲ್ಲಿ ನಿನ್ನ ಮನೆ ಅಂಗಳದಲ್ಲಿ ಉಂಟಲ್ಲ!”

“ಇರಲಿ ಶಹನಾಝ್. ನನ್ನ ಜಾಗದಲ್ಲಿ ರಸ್ತೆ ಮಾಡಿಸ್ಲಿಕ್ಕೆ ನನ್ನ ಸಹಿ ಬೇಕಂತೆ.”

“ಹಾಕಿಬಿಡು ಮಾರಾಯ್ತಿ. ವಕೀಲರಾಗಿದ್ದಾಗ ನಿನ್ನ ಅಮ್ಮನ ಕೇಸು ನಡೆಸಿದವರಲ್ವಾ?”

“ನಡೆಸಿದ್ದಲ್ಲ, ಹನ್ನೊಂದು ವರ್ಷ ಎಳೆದದ್ದು. ಹೋದಾಗೆಲ್ಲ ವಾಯಿದೆ. ‘ಕೂತಿರು, ಈಗ ಬಂದೆ’ ಅಂತ ಭಾಷಣಕ್ಕೆ ಹೋದ್ರೆ ಸಂಜೆವರೆಗೆ ಅವರ ಆಫೀಸಿನ ಬೆಂಚಲ್ಲಿ ನಾವಿಬ್ರು. ತೀರ್ಪು ಬರುವಾಗ ಅಮ್ಮ ಇರ್ಲಿಲ್ಲ.”

“ಈಗ ಎಂತ ಹೇಳಿದ್ದೀ?”

“ಮುಂದಿನ ಬುಧವಾರ ಬನ್ನಿ ಅಂತ. ಇದು ನಾಲ್ಕನೇ ಬುಧವಾರ.”

“ಚುನಾವಣೆ ಘೋಷಣೆ ಆದ್ರೆ ಶಿಲಾನ್ಯಾಸ ಮಾಡುವ ಹಾಗಿಲ್ಲವಂತೆ. ಕಲ್ಲಲ್ಲಿ ಅವರ ಹೆಸರು ಕೆತ್ತಿಸಿಯೂ ಆಗಿದೆ.”

“ಗೊತ್ತುಂಟು. ಘೋಷಣೆ ನಾಡಿದ್ದಂತೆ.”

ಅಕ್ಕುವಿನ ಮೊಬೈಲು ರಿಂಗಾಯಿತು. ಮೀಂಜದ ಬಸ್ಸೂ ಬಂತು. ಅವಳು ಅದರತ್ತ ನೋಡಲೂ ಇಲ್ಲ. ಎದುರಿಗೆ ನಿಂತಿದ್ದ ಕಾಸರಗೋಡಿನ ಬಸ್ಸಿನ ಕಡೆಗೆ ನಡೆಯುತ್ತ, ಫೋನು ಕಿವಿಗಿಟ್ಟಳು.

“ಜಗಲಿಯಲ್ಲಿ ಬೆಂಚು ಉಂಟು ವಕೀಲರೇ. ಕೂತಿರಿ, ಈಗ ಬಂದೆ.”