ಮಿಯಾಪುರದಾಗೊಂದು ಹಡಗ

…ಅಯ್ಯ, ಅದರ ಮ್ಯಾಲ ಬ್ಯಾಡ್ರಿ ತುಳಸಕ್ಕಾ! ಅದು ನಾ ಕೂತು ಕೆಲಸಾ ಮಾಡೂ ಜಾಗಾ. ಚಾದರ ಎತ್ತಬ್ಯಾಡ್ರಿ, ಎಲ್ಲಾ ಕಟಗಿ ಪುಡಿ ಅದ, ಸೀರಿಗೆ ಹತ್ತತದ. ಇಲ್ಲಿ, ಈ ಕುರ್ಚಿ ಮ್ಯಾಲ ಕೂಡ್ರಿ. ಹಾಂ… ಹಿಂಗ. ಫ್ಯಾನ್ ಮಾತ್ರ ಹಚ್ಚೂದಿಲ್ಲ, ಸಿಟ್ಟಾಗಬ್ಯಾಡ್ರಿ. ಗಾಳಿಗೆ ಅಂಟು ಲಗೂ ಒಣಗಿದ್ರ ಕಟಗಿ ಪಟ್ಟಿ ಸೊಟ್ಟ ಕೂಡತದ.

ಗಂಡನ ಅಕ್ಕ ಕಾಚಿಗುಡಾದಿಂದ ಬೆವತು ಬಂದ್ರೂ ಮೃಣಾಲಿನಿ ಫ್ಯಾನ್ ಹಚ್ಚಲಿಲ್ಲ! ಹೇಳ್ರಿ, ಹೋಗಿ ಎಲ್ಲಾರಿಗೂ ಹೇಳ್ರಿ. ನನ್ನ ಮ್ಯಾಲ ಮೊದಲೇ ಇಷ್ಟು ದೂರು ಅವ, ಇದೂ ಒಂದಿರಲಿ.

ಯಾಕ ನಗತೀರಿ?

ಇಲ್ಲ, ನಕ್ರಿ. ಬಾಯಿಗೆ ಸೆರಗ ಹಚ್ಚಿದ್ರ ನಕ್ಕದ್ದು ಕಾಣೂದಿಲ್ಲಂತ ತಿಳದೀರೇನು? ಟೇಬಲ್ ಮ್ಯಾಲಿನ ಹಡಗ ನೋಡಿ ನಕ್ರಿ. ನಗ್ರಿ, ಏನೂ ಇಲ್ಲ. ಈ ಅಪಾರ್ಟ್‌ಮೆಂಟಿನ್ಯಾಗ ಎಲ್ಲಾರೂ ನಕ್ಕು ಮುಗಿಸ್ಯಾರ. ಎದುರು ಮನಿಯಾಕಿ ಅಂತೂ, "ಆಂಟೀ, ಹುಸೇನ್ ಸಾಗರ್‌ಲೋ ವದಲ್ತಾರಾ?" ಅಂತ ಕೇಳಿದ್ಲು. ಹೌದವಾ, ಬಿಡತೀನಿ, ನಿನ್ನ ಕೂಡಿಸೇ ಬಿಡತೀನಿ ಅಂದೆ. ಆಂಟಿ ಅಂತ! ಆಕಿಗೂ ನನಗೂ ಒಂದೇ ವಯಸ್ಸು.

ಸಮುದ್ರ ಇಲ್ಲದ ಊರಾಗ ಹಡಗ ಯಾಕಂತೀರಿ? ಮತ್ತ ನಿಮ್ಮ ಶೋಕೇಸಿನ್ಯಾಗ ಗಾಜಿನ ಆನಿ ಸಾಲು ಇಟ್ಟೀರಲ್ಲ, ಕಾಚಿಗುಡಾ ಏನು ಕಾಡೇನ್ರಿ?

ಹಾಂ, ಈಗ ಖರೇ ನಕ್ರಿ.

ಇವರು… ಇವರು ಆಫೀಸಿಗೆ ಹೋಗ್ಯಾರ. ಹೌದ್ರಿ, ಇವತ್ತ ಆಯಿತವಾರ, ಗೊತ್ತದ. ಆಡಿಟ್ ನಡದದ. ವಿಮಾ ಕಚೇರಿಯವರಿಗೆ ಆಯಿತವಾರ ಎಲ್ಲೀದು? ಇರಲಿ. ಚಹಾ ಮಾಡಲೇನು? ಬ್ಯಾಡ? ನೀರು? ನೀರೂ ಬ್ಯಾಡ?

ಗೊತ್ತದ, ಗೊತ್ತದ, ಕೂಡೂ ಮಣಿ ಒಯ್ಯಲಿಕ್ಕೆ ಬಂದೀರಿ. ನಿಮ್ಮ ಮಗ ಕೌಸ್ತುಭನ ಮದಿವಿ ಅಂದ ಮ್ಯಾಲ ಜೋಡಿ ಮಣಿ ಬೇಕೇ ಬೇಕು. ಫೋನಿನ್ಯಾಗ ಹೇಳೀರಲ್ಲ. ನಮ್ಮ ಮನೆತನದಾಗ ಯಾವ ಗಂಡು, ಯಾವ ಹೆಣ್ಣು ಅಕ್ಷತಾ ಹಾಕಿಸ್ಕೋಬೇಕಾದ್ರೂ ಆ ಎರಡು ಸಾಗವಾನಿ ಮಣಿ ಮ್ಯಾಲೇ ಕೂಡಬೇಕು. ನಿಮ್ಮ ಅಜ್ಜಿ ಕೂತಿದ್ರು, ನಿಮ್ಮವ್ವ ಕೂತಿದ್ರು, ನೀವು ಕೂತಿದ್ರಿ, ನಾ ಕೂತೆ. ನಾ ಹಿರೇ ಸೊಸಿ, ಅಲ್ಲಲ್ಲ, ಒಬ್ಬಾಕೀನೇ ಸೊಸಿ, ಅದಕ್ಕ ಕಾಯೂದು ನನ್ನ ಪಾಲಿಗೆ ಬಂತು. ರಾಯಚೂರಿಂದ ಬಂದು ಒಯ್ತಾರ, ಕಲಬುರ್ಗಿಯಿಂದ ಬಂದು ಒಯ್ತಾರ. ವಾಪಸ್ ಕೊಡೂಮುಂದ ಮ್ಯಾಲ ಒಂದು ಖಣ, ಒಂದು ತೆಂಗಿನಕಾಯಿ. ನಾ ಎಣ್ಣಿ ಹಚ್ಚಿ ಒರಸಿ, ಒಂದರ ಮಾರಿ ಒಂದಕ್ಕ ಮಾಡಿ ಇಡಬೇಕು. ಬೆನ್ನು ತಿರುಗಿಸಿ ಇಟ್ರ ಗಂಡ ಹೆಂಡ್ತಿ ಜಗಳಾಡತಾರಂತ ನಿಮ್ಮವ್ವ ಹೇಳಿದ್ರು. ನಾ ಒಂದು ದಿನಾನೂ ಬೆನ್ನು ತಿರುಗಿಸಿ ಇಟ್ಟಾಕಿ ಅಲ್ರಿ.

ಅಟ್ಟದ ಮ್ಯಾಲ ಅವ. ನಿಚ್ಚಣಿಕಿ ವಾಚ್‌ಮನ್ ಒಯ್ದಾನ. ಬರಲಿ, ಕೊಡೂಣಂತ. ಅವಸರ ಏನದ?

ಅಲ್ಲೀ ತನಕ ಇದನ್ನರೆ ನೋಡ್ರಿ. ಬಂದಾಗಿಂದ ವಾರಿಗಣ್ಣಿಲೆ ನೋಡಲಿಕ್ಕತ್ತೀರಿ, ನೆಟ್ಟಗ ನೋಡ್ರಿ. ಇದು ಅರಬರ ವ್ಯಾಪಾರದ ಹಡಗ. ಎರಡು ಕಂಬ, ಎರಡು ಮುಕ್ಕೋಣದ ಹಾಯಿ. ಮೊದಲನೇದ್ದು ಡಬ್ಬಿಯೊಳಗ ತುಂಡು ತುಂಡು ತರಿಸಿ ಜೋಡಿಸಿದ್ದೆ. ಅದು ಆಟಿಗಿ. ಇದು ಹಂಗಲ್ಲ. ಇದರ ಬೆನ್ನೆಲುಬು ನಾ ಕೊಯ್ದದ್ದು. ಈ ಪಕ್ಕೆಲುಬು ನಾ ಅರದದ್ದು. ಆಮ್ಯಾಲ ಈ ಪಟ್ಟಿ ನೋಡ್ರಿ, ಹೊರಗಿನ ಚರ್ಮದಂಗ ಒಂದರ ಪಕ್ಕಕ್ಕ ಒಂದು… ಮೂಗಿನ ಹತ್ತರ ಹೆಂಗ ಬಳುಕ್ಯಾವ ನೋಡಿದ್ರೇನು? ಸಾಗವಾನಿ ಸುಮ್ಮನ ಬಳುಕೂದಿಲ್ಲ ಅಕ್ಕಾ, ಭಾಳ ಸೊಕ್ಕಿನ ಕಟಗಿ. ನಳದ ಪೈಪಿನ ಒಂದು ಬದಿ ಮುಚ್ಚಿ, ಕುದಿಯೂ ನೀರು ತುಂಬಿ, ಅದರಾಗ ನೆನಸಬೇಕು. ಆಮ್ಯಾಲ ಕೂದಲಾ ಸುರುಳಿ ಮಾಡೂ ಮಶೀನ್ ಅದ ನೋಡ್ರಿ, ನನ್ನ ಹುಟ್ಟಿದ ದಿನಾ ನೀವೇ ಕೊಟ್ಟದ್ದು… ಅದೇ! ಕೂದಲಾ ಒಂದು ಸಲಾನೂ ಸುರುಳಿ ಆಗಲಿಲ್ಲ, ಹಡಗದ ಮೂಗು ಚಲೋತ್ನ್ಯಾಗ ಆಗೇದ. ಬಗ್ಗಿಸಿ, ಬಟ್ಟಿ ಒಣಗಹಾಕೂ ಚಿಮಟಾ ಹಚ್ಚಿ, ಆರಲಿಕ್ಕೆ ಬಿಡೂದು. ಅವಸರ ಮಾಡಿದ್ರ ಟಪ್ಪಂತ ಮುರೀತದ.

ಏನಂದ್ರಿ? ನಾಕು ಮಂದಿ ಹೆಣ್ಣುಮಕ್ಕಳು ಮಾಡೂ ಕೆಲಸೇನು ಇದು? ಯಾರು ಆ ನಾಕು ಮಂದಿ, ಹೆಸರು ಹೇಳ್ರಿ. ಕಸೂತಿ ಹಾಕಿದ್ರ ಚಲೋ ಹುಡುಗಿ, ಕಟಗಿಗೆ ರಂದಾ ಹೊಡದ್ರ ತಲಿ ಕೆಟ್ಟದ. ನಾ ಎಂ.ಎ. ಮಾಡೀನಿ, ಹನ್ನೊಂದು ವರ್ಷ ಕಾಲೇಜಿನ್ಯಾಗ ಇತಿಹಾಸ ಹೇಳೀನಿ. ಆವಾಗ ಯಾರೂ ತುಟಿ ಬಿಚ್ಚಲಿಲ್ಲ. ಸೀರಿ ಉಟ್ಟು ಹಡಗದ ಬಗ್ಗೆ ಮಾತಾಡಿದ್ರ ನಡೀತದ. ಹಡಗ ಕಟ್ಟಿದ್ರ ನಡಿಯೂದಿಲ್ಲ.

ಈ ರೂಮು? ಹೌದು, ಇವರ ಅಭ್ಯಾಸದ ರೂಮೇ. ಅವರೇ ಕೊಟ್ರು. ತಗೋ, ನನಗೇನು ಬೇಕಾಗೇದ ಅಂದ್ರು. ಟೇಬಲ್ಲೂ ಅವರದೇ. ಅಂಟಿನ ವಾಸನಿ? ಛೇ, ಅವರಿಗೆ ಏನೂ ಅನಸೂದಿಲ್ರಿ. ನಾಗಪುರದಿಂದ ಬಂದ ಮ್ಯಾಲ ನೀವೇ ಕೇಳ್ರಿ ಬೇಕಾದ್ರ…

ಆಂ? ಆಫೀಸಂದೆನೇನು? ಹೌದು, ಆಫೀಸೇ. ನಾಗಪುರದ ಆಫೀಸು. ಆಡಿಟ್ ಅಲ್ಲಿ ನಡದದ. ನೀವು ಹಂಗ ನೋಡಬ್ಯಾಡ್ರಿ ಅಕ್ಕಾ, ಕೋರ್ಟಿನ್ಯಾಗ ನಿಂತಂಗ ಆಗತದ.

ಹುಷಾರ್! ಮುಟ್ರಿ, ಆದ್ರ ಹಗರಕ. ಆ ಕಡೆ ಪಟ್ಟಿ ಇನ್ನೂ ಹಸಿ ಅವ. ಒಳಗ ಬೆರಳು ಹಾಕಬ್ಯಾಡ್ರಿ… ಅಲ್ಲಿ ಏನೂ ಇಲ್ಲ. ಅಕ್ಕಾ, ಒಳಗ ನೋಡಬ್ಯಾಡ್ರಿ ಅಂದೆ.

…

ಕೆಂಪು ಬಣ್ಣ, ಅಷ್ಟೇ. ಕೆಮ್ಮಣ್ಣು. ಬಾಜೂಕ್ಕ ಸುಣ್ಣದ ಗೀಟು.

ಹಂಗ್ಯಾಕ ಬೆರಳಿಲೆ ತಿಕ್ಕಿ ನೋಡಲಿಕ್ಕತ್ತೀರಿ? ಗುರ್ತು ಸಿಕ್ಕಿತು, ಅಲ್ಲ? ಸಿಗದಂಗ ಹೆಂಗಿದ್ದೀತು? ಪ್ರತಿ ಮದಿವಿಗೆ ಮಣಿ ಮ್ಯಾಲ ಒಂದು ಪದರು ರಂಗೋಲಿ, ಒಂದರ ಮ್ಯಾಲ ಒಂದು. ಎಷ್ಟು ಅರದ್ರೂ ಹೋಗಲಿಲ್ಲ. ಹೊರಗಿನದು ಅರದೆ, ಒಳಗಿನದು ಇರಲಿ ಅಂತ ಬಿಟ್ಟೆ.

ಹೌದು. ಕೊಯ್ಸೀನಿ.

ಎರಡೂ ಅಲ್ಲ. ಒಂದು. ಗಂಡಿಂದು. ಹೆಣ್ಣಿಂದು ಅಗೋ ಅಲ್ಲಿ ಅದ, ಸ್ಟೂಲಿನ ಮ್ಯಾಲ, ಚಾದರದ ಕೆಳಗ. ನೀವು ಕೂಡಲಿಕ್ಕೆ ಹೋಗಿದ್ರಲ್ಲ, ಅದೇ. ಅದರ ಮ್ಯಾಲ ಕೂತೇ ಇದನ್ನ ಕಟ್ಟಲಿಕ್ಕತ್ತೀನಿ. ಅಟ್ಟದ ಮ್ಯಾಲ ಏನೂ ಇಲ್ಲ, ನಿಚ್ಚಣಿಕೀನೂ ಯಾರೂ ಒಯ್ದಿಲ್ಲ.

ಸಿಟ್ಟಿಲೆ ಕೊಯ್ಸಿದೆ ಅಂತ ತಿಳಕೋಬ್ಯಾಡ್ರಿ. ಸಿಟ್ಟು ಬಂದಿದ್ರ ಕೊಡಲಿ ತಗೋತಿದ್ದೆ, ಅಡಗಿಮನ್ಯಾಗ ಹೊಗಿ ಎಬ್ಬಿಸತಿದ್ದೆ. ನಾ ಅಳತಿ ಮಾಡೀನಿ. ಪೆನ್ಸಿಲ್ ಹಿಡದು ಗೀಟು ಹಾಕೀನಿ. ಆಟೋದಾಗ ತೊಡಿ ಮ್ಯಾಲ ಇಟಗೊಂಡು ಸನತ್‌ನಗರಕ್ಕ ಒಯ್ದೀನಿ. ಅಲ್ಲಿ ಬೂದೆಪ್ಪ ಅಂತ ಇದ್ದಾನ, ಯಾದಗಿರಿ ಕಡಿಯವ, ಶೆಡ್ಡಿನ್ಯಾಗ ಕಟಗಿ ಸೀಳತಾನ. ಮಣಿ ನೋಡಿದವನೇ ಮಶೀನ್ ಬಂದ್ ಮಾಡಿದ. "ಅಮ್ಮಾರ, ಇದು ಮದಿವಿ ಮಣಿ ಐತ್ರಿ" ಅಂದ. ಗೊತ್ತೈತಿ, ಕೊಯ್ಯಿ ಅಂದೆ, ಅವನ ಮಾತಿನ್ಯಾಗೇ. ನನ್ನ ಮಾರಿ ನೋಡಿದ. ಚಪ್ಪಲಿ ಬಿಟ್ಟು, ಕೈ ಮುಗದು, ಆಮ್ಯಾಲ ಕೊಯ್ದ. ಆ ವಾಸನಿ ಅಕ್ಕಾ… ಅಷ್ಟು ಹಳೇ ಕಟಗಿ, ಒಳಗ ಹೊಸಾದರಂಗ ಎಣ್ಣಿ ವಾಸನಿ! ನಾ ಹಚ್ಚಿದ ಎಣ್ಣಿ ಅಲ್ರಿ, ಅದರದೇ.

ಅಪಶಕುನ ಅನ್ನತೀರೇನು? ಅನ್ರಿ. ಹೊಟ್ಟಿಯೊಳಗ ಇದ್ದದ್ದು ಅಂದುಬಿಡ್ರಿ. ಮನೆತನದ ಆಸ್ತಿ, ನಿಮ್ಮ ಅಜ್ಜಿ ಕಾಲದ್ದು, ನಿನ್ನಪ್ಪನ ಮನಿಯಿಂದ ತಂದಿದ್ದೇನ ಅನ್ರಿ. ಕೌಸ್ತುಭ ಯಾತರ ಮ್ಯಾಲ ಕೂಡಬೇಕು ಅನ್ರಿ. ನನ್ನ ಹತ್ತರ ಉತ್ತರ ತಯಾರದ. ಹೊಸಾ ಜೋಡಿ ನಾನೇ ಮಾಡಿಕೊಡ್ತೀನಿ. ಚಲೋ ಸಾಗವಾನಿ ತರತೀನಿ, ನಾನೇ ರಂದಾ ಹೊಡೀತೀನಿ, ಮೂಲಿಗೆ ಹಿತ್ತಾಳಿ ಹೂವ ಬಡೀತೀನಿ. ನನ್ನ ಕೈಲೆ ಮಾಡಿದ ಮಣಿ ಮ್ಯಾಲ ಮಗನ್ನ ಕೂಡಸಲಿಕ್ಕೆ ನಿಮಗ ಧೈರ್ಯ ಇದ್ರ.

ಬೈರಿ ಅಕ್ಕಾ.

ಬೈರಿ ಅಂದ್ರ… ನೀವು ಬೈಯ್ಯದ ಇರೂವಾಕಿ ಅಲ್ಲ. ಉಪ್ಪಿನಕಾಯಿ ಭರಣಿ ಬಾಯಿ ಮುಚ್ಚೂದು ಮರತಿದ್ದಕ್ಕ ಒಂದು ವಾರ ಮಾತು ಬಿಟ್ಟಾಕಿ ನೀವು. ಮಣಿ ಕೊಯ್ಸೀನಿ ಅಂದ್ರ ಹಿಂಗ ಸುಮ್ಮನ ಕೂತೀರಲ್ಲ? "ಗಂಡಿಂದೇ ಯಾಕ" ಅಂತಾದ್ರೂ ಕೇಳ್ರಿ! ಬಂದು ಇಷ್ಟೊತ್ತಾತು, ನೀವು ಕೇಳಬೇಕಾದ್ದು ಕೇಳೇ ಇಲ್ಲ. ಹಡಗ ಕೇಳಿದ್ರಿ, ರೂಮು ಕೇಳಿದ್ರಿ, ಅಂಟಿನ ವಾಸನಿ ಕೇಳಿದ್ರಿ…

ಗುರುರಾಜ ಎಲ್ಲಿ ಅಂತ ಕೇಳಲಿಲ್ಲ.

ಒಬ್ಬನೇ ತಮ್ಮ. ಬಾಗಿಲದಾಗ ಚಪ್ಪಲಿ ಬಿಡೂಮುಂದೇ "ಗುರೂ" ಅಂತ ಕೂಗೂವಾಕಿ. ನಾನೇ ಆಫೀಸು ಅಂದೆ, ನಾನೇ ನಾಗಪುರ ಅಂದೆ. ನೀವು ಎಲ್ಲಿ ಅಂತಾನೂ ಕೇಳಲಿಲ್ಲ, ಯಾವಾಗ ಬರತಾನ ಅಂತಾನೂ ಕೇಳಲಿಲ್ಲ…

ನೆಲಾ ಯಾಕ ನೋಡಲಿಕ್ಕತ್ತೀರಿ? ನನ್ನ ಮಾರಿ ನೋಡ್ರಿ.

ನಿಮ್ಮ ಮನ್ಯಾಗ ಇದ್ದಾರ. ಅಲ್ಲ?

…

ಉಪ್ಪಲ್‌ನ್ಯಾಗ ರೂಮು ಮಾಡೀನಿ ಅಂತ ಹೇಳಿ ಹೋದ್ರು. ಯುಗಾದಿ ಆದ ಮ್ಯಾಲ. ನಾ ನಂಬಿದೆ. ಅಲ್ಲಿ ಊಟಕ್ಕೇನು ಮಾಡತಾರಂತ ಚಿಂತೀನೂ ಮಾಡಿದೆ, ನಗಬ್ಯಾಡ್ರಿ. ನೋಡಿದ್ರ ಅಕ್ಕನ ಮನ್ಯಾಗ ಎರಡು ಹೊತ್ತು ಹುಳಿ-ಅನ್ನಾ! ನಾ ಇಲ್ಲಿ ನಿಮಗೆಲ್ಲಾ ಫೋನ್ ಹಚ್ಚಿ, ಅವರು ವಾಕಿಂಗ್ ಹೋಗ್ಯಾರ, ಅವರು ಸ್ನಾನಕ್ಕ ಹೋಗ್ಯಾರ ಅಂತ… ನೀವು ಅತ್ತಾಗ ಅವರಿಗೆ ಬಡಸಕೋತ "ಹೌದೇನವಾ" ಅಂತಿದ್ರಿ. ಚಲೋ ನಾಟಕಾ ಮಾಡಿದ್ವಿ ಬಿಡ್ರಿ ಇಬ್ಬರೂ!

ಯಾಕ ಮುಚ್ಚಿಟ್ಟೆ ಅಂದ್ರ… ನಾಚಿಕಿಗೆ ಅಲ್ಲ. ನನಗೆ ಯಾತರ ನಾಚಿಕಿ? ಗೊತ್ತಾದ ಮರುದಿನಾ ನೀವೆಲ್ಲಾ ಏನಂತಿದ್ರಿ ನನಗ ಗೊತ್ತದ. ಹಡಗ ಕಟ್ಟಲಿಕ್ಕೆ ಹೋಗಿ ಗಂಡನ್ನ ಕಳಕೊಂಡ್ಲು. ಅದೊಂದು ಮಾತು ಬ್ಯಾಡಾಗಿತ್ತು. ಅವರು ಹೋದದ್ದು ಹಡಗದ ಸಲುವಾಗಿ ಅಲ್ಲ ಅಕ್ಕಾ. ಬ್ಯಾರೆ ಹೆಂಗಸೂ ಇಲ್ಲ, ಜಗಳಾನೂ ಇಲ್ಲ. "ಮೃಣಾಲ್, ನಮಗ ಇಬ್ಬರಿಗೂ ಮಾತು ಮುಗದಾವ" ಅಂದ್ರು, ಅಷ್ಟೇ. ಖರೇ ಮಾತು. ನಾನೂ ಇಲ್ಲ ಅನ್ನಲಿಲ್ಲ. ಆದ್ರ ಇಷ್ಟು ಸಣ್ಣ ಕಾರಣಕ್ಕ ಯಾರು ಸಮಾಧಾನ ಆಗತಾರ? ನಿಮಗೆಲ್ಲಾ ದೊಡ್ಡ ಕಾರಣ ಬೇಕು. ಟೇಬಲ್ ಮ್ಯಾಲ ಇಷ್ಟು ದೊಡ್ಡ ಹಡಗ ಕೂತದ, ಎಲ್ಲಾರೂ ಅದಕ್ಕೇ ಬೆರಳು ಮಾಡತಿದ್ರಿ. ಅದನ್ನ ಕಾಪಾಡಲಿಕ್ಕೆ ಸುಳ್ಳ ಹೇಳಿದೆ. ಇನ್ನೂ ಹೇಳತಿದ್ದೆ.

ಈ ಮಣಿ… ಒಯ್ಯಲಿಕ್ಕೆ ನಿಮ್ಮನ್ನ ಅವರೇ ಕಳಿಸಿದ್ರೇನು? "ಎರಡೂ ತಗೊಂಡು ಬಾ ಅಕ್ಕಾ" ಅಂದ್ರೇನು?

ಬ್ಯಾಡ, ಹೇಳಬ್ಯಾಡ್ರಿ. ಕಣ್ಣೇ ಹೇಳಿದ್ವು.

ಹಂಗಾದ್ರ ನೀವೂ ಹೋಗಿ ಹೇಳ್ರಿ. ಅವರ ಮಣಿ ಹಡಗ ಆಗೇದ. ನನ್ನದು ನನ್ನ ಕೆಳಗ ಅದ, ಕೊಡೂದಿಲ್ಲ. ಕೌಸ್ತುಭನ ಮದಿವಿಗೆ ಬರತೀನಿ, ಒಬ್ಬಾಕೀನೇ ಬರತೀನಿ, ಸೋದರಮಾವನ ಹೆಂಡ್ತಿ ಅಂತ ಮುಂದಿನ ಸಾಲಿನ್ಯಾಗೇ ಕೂಡತೀನಿ. ಯಾರರೆ ಕೇಳಿದ್ರ ಹಡಗದ ಫೋಟೋ ತೋರಸತೀನಿ.

ಎದ್ರೇನು? ಹೋಗತೀರಿ? ಹೋಗ್ರಿ, ನಾ ತಡಿಯೂದಿಲ್ಲ…

ಅಲ್ಲ, ನಿಲ್ರಿ. ಬಾಗಿಲಾ ಅತ್ತಾಗದ, ನೀವು ಇತ್ತಾಗ ಬರಲಿಕ್ಕತ್ತೀರಿ.

ಅಕ್ಕಾ… ಬ್ಯಾಡ್ರಿ, ತಲಿ ಸವರಬ್ಯಾಡ್ರಿ. ತಲಿ ಸವರಿದ್ರ ನನ್ನ ಕೈಲೆ ಕೆಲಸಾ ಆಗೂದಿಲ್ಲ. ನಿಮಗ ಏನರೆ ಮಾಡಬೇಕಂತನಸಿದ್ರ ಈ ಪಟ್ಟಿ ತುದಿ ಹಿಡೀರಿ. ಹಾಂ, ಅಲ್ಲೇ, ಮೂಗಿನ ಹತ್ತರ. ಎರಡು ಕೈ ಸಾಲೂದಿಲ್ಲ ಇದಕ್ಕ, ಮೊದಲಿಂದಾನೂ ಸಾಲಿಲ್ಲ. ಒತ್ತಿ ಹಿಡೀರಿ, ನಾ ಚಿಮಟಾ ಹಚ್ಚತೀನಿ. ಇನ್ನೂ ಗಟ್ಟಿ…

ಕಣ್ಣು ಆ ಕಡೆ ತಿರುಗಿ ಒರಸ್ಕೋರಿ. ಕಟಗಿ ಹಸಿ ಆದ್ರ ಅಂಟು ಹಿಡಿಯೂದಿಲ್ಲ.