ತಗ್ಗದ ಇಂಜಿನ್ನು

...ಕೇಳಿಸ್ತಿದೆಯಲ್ಲ ಟ್ವೈಲಾ, ಹೇಗೆ ಅರಚ್ತಿದೆ ಅಂತ! ಪೆಡಲ್ ಮೇಲೆ ಯಾರ ಕಾಲೂ ಇಲ್ಲ, ಆದ್ರೂ ಮುಳ್ಳು ನೋಡು, ನಿಮಿಷಕ್ಕೆ ಸಾವಿರದ ಎಂಟುನೂರು ಸುತ್ತಲ್ಲಿ ನಿಂತಿದೆ. ಏಳುನೂರಿದ್ರೆ ಸಾಕು ಈ ಗಾಡಿಗೆ. ಶೆಡ್ಡಿನ ಬಾಗಿಲು ಪೂರ್ತಿ ಸರಿಸು, ಹೊಗೆ ತುಂಬ್ಕೊಳತ್ತೆ. ಬಾ, ಒಲೆ ಹತ್ರ ಕೂತ್ಕೋ... ಬೇಡ್ವಾ? ಸರಿ, ನಿಂತೇ ಇರು.

ನಿನ್ನ ಗಂಡ ಆರಿನ್‌ನ ಮಣ್ಣು ಮಾಡಿ ಹನ್ನೊಂದು ದಿನಾನೂ ಆಗಿಲ್ಲ, ಆಗ್ಲೇ ಅವನನ್ನ ಬಲಿ ತಗೊಂಡ ಟ್ರಕ್ಕನ್ನ ಓಡಿಸ್ಕೊಂಡು ಬಂದಿದ್ದೀಯಲ್ಲ, ಮಾರಾಯ್ತಿ! ನಾನಾಗಿದ್ರೆ ಗುಜರಿಗೆ ಎಸೀತಿದ್ದೆ. ಗೊತ್ತು, ಗೊತ್ತು... ಬಂದ ತಕ್ಷಣ ಕೇಳಿದ್ಯಲ್ಲ, 'ವರ್ಲಿನ್, ನನ್ನ ಮಗ ಹಾಕಿದ ಕೇಬಲ್ಲೇ ಅವರಪ್ಪನ್ನ ಕೊಂದಿದ್ದಾ? ಅಷ್ಟು ಹೇಳಿಬಿಡು' ಅಂತ. ಅದಾದ್ಮೇಲೆ ತುಟಿ ಬಿಚ್ಚಿಲ್ಲ ನೀನು. ವೇಡ್ ಊಟ ಬಿಟ್ಟಿದ್ದಾನಂತೆ? ಕೊಠಡಿ ಬಾಗಿಲೂ ತೆಗೀತಿಲ್ವಂತೆ? ಪಾಪ, ಹುಡುಗ... ಒಳ್ಳೇದಕ್ಕೇ ಹಾಕಿದ್ದ ಆ ಹೊಸ ಆಕ್ಸಿಲರೇಟರ್ ಕೇಬಲ್ಲು.

ಕೇಬಲ್ ಆಮೇಲೆ ನೋಡೋಣ. ಮೊದ್ಲು ಈ ರಬ್ಬರ್ ಕೊಳವೆಗಳು. ತೊಂಬತ್ತೆರಡರ ಮಾಡೆಲ್ಲು, ರಬ್ಬರೆಲ್ಲ ಹಪ್ಪಳ ಆಗಿರತ್ತೆ. ಎಲ್ಲೋ ಬಿರುಕು ಬಿಟ್ಟು ಕಳ್ಳ ಗಾಳಿ ಒಳಗೆ ಹೋದ್ರೆ ಇಂಜಿನ್ನು ಹೀಗೇ ಹುಚ್ಚೇಳತ್ತೆ. ಸ್ಪ್ರೇ ಹೊಡೀತೀನಿ, ಸದ್ದು ಬದಲಾದ್ರೆ ಬಿರುಕು ಅಲ್ಲೇ ಅಂತ... ಇಲ್ಲಿಲ್ಲ. ಇಲ್ಲೂ ಇಲ್ಲ. ಈ ಮೂಲೇಲಿ?... ಊಹೂಂ.

ಇನ್ನು ನೀರಿನ ಬಿಸಿ ಅಳೆಯೋ ಸೆನ್ಸರು. ಅದು ಕೆಟ್ರೆ ಗಾಡಿ ಬಿಸಿಯಾಗಿದ್ರೂ ತಣ್ಣಗಿದ್ದೀನಿ ಅಂತ್ಲೇ... ಏಯ್! ಏನ್ಮಾಡ್ತಿದ್ದೀಯ? ಕೈ ತೆಗಿ, ಫ್ಯಾನಿಗೆ ಸಿಗತ್ತೆ! ಆ ಕೇಬಲ್ಲನ್ನ ಯಾಕೆ ಕಿತ್ತೆ?

...

ಹ್ಞಾಂ. ಕಂಡೆ. ಕೇಬಲ್ ಇಲ್ದಿದ್ರೂ ಅಷ್ಟೇ ಅರಚ್ತಿದೆ... ಮುಳ್ಳು ಕೂದಲೆಳೆಯಷ್ಟೂ ಇಳೀಲಿಲ್ಲ. ಹಾಗಂತ ಕೇಬಲ್ದಲ್ಲ ತಪ್ಪು ಅನ್ನೋಕಾಗಲ್ಲ ನೋಡು! ಆವತ್ತು ಎಂಥಾ ಚಳಿ, ಹೊಸ ತಂತಿ ಹೆಪ್ಪುಗಟ್ಟಿ ಸಿಕ್ಕಾಕ್ಕೊಂಡಿರ್ಬಹುದು, ಆಮೇಲೆ ತಾನೇ ಬಿಟ್ಕೊಂಡಿರ್ಬಹುದು... ನಗ್ತಿದ್ದೀಯಾ? ಅದು ನಗುವಾ, ಏನದು? ಹಾಗೆ ನೋಡ್ಬೇಡ ನನ್ನ.

ಆರಿನ್‌ದೂ ತಪ್ಪಿದೆ ಅಂತಲ್ಲ. ಒಂಟಿ ಮನುಷ್ಯ, ಮುನ್ನೂರು ದನಕ್ಕೆ ಹುಲ್ಲು ಹಾಕ್ಬೇಕು, ಇನ್ನೇನು ಮಾಡ್ತಾನೆ? ಎಲ್ಲಕ್ಕಿಂತ ಕೆಳಗಿನ ಗೇರಿಗೆ ಹಾಕಿ, ಸ್ಟೇರಿಂಗ್ ಕಟ್ಟಿ, ಇಳಿದು ಹಿಂದೆ ಹತ್ತಿ ಹುಲ್ಲು ತಳ್ಳೋದು. ಗಾಡಿ ಪಾಡಿಗೆ ಗಾಡಿ ತೆವಳ್ಕೊಂಡು ಹೋಗ್ತಿರತ್ತೆ. ಈ ಗುಡ್ಡಗಳಲ್ಲಿ ನಾವೆಲ್ಲ ಹಾಗೇ ಮಾಡಿದ್ದೀವಿ, ನೀನೂ ಮಾಡಿದ್ದೀಯ. ಆದ್ರೆ ತೆವಳೋ ಗಾಡಿ ಓಡೋಕೆ ಶುರು ಮಾಡಿದ್ರೆ? ಮುಂದೆ ಕೆರೆ, ಮೇಲೆ ತೆಳ್ಳಗಿನ ಮಂಜುಗಡ್ಡೆ... ಹಾರಿ, ಓಡಿ, ಬಾಗಿಲ ಹಿಡಿಗೆ ಕೈ ಹಾಕಿದ್ದಾನೆ. ಕಾಲು ಜಾರಿದೆ. ಹಿಂದಿನ ಚಕ್ರ... ಸಾಕು. ನಿಂಗೇ ಗೊತ್ತು, ಎತ್ತಿದ್ದು ನೀನೇ ಅಲ್ವಾ.

ಕೊನೇದೊಂದಿದೆ, ಗಾಳಿ ವಾಲ್ವು. ಫ್ಯೂಯಲ್ ಇಂಜೆಕ್ಷನ್ ಇರೋ ಇಂಥ ಗಾಡೀಲಿ, ಗಾಡಿ ನಿಂತಾಗ ಇಂಜಿನ್ ತಿರುಗೋ ವೇಗ ನೋಡ್ಕೊಳ್ಳೋದೇ ಅದು. ಪ್ಲಗ್ ಕಿತ್ತೆ ನೋಡು... ಇದಕ್ಕೂ ಬಗ್ಗಲಿಲ್ಲ. ಅಂದ್ರೆ ಗಾಳಿ ಬರ್ತಿರೋದು ಪೆಡಲ್ ಒತ್ತಿದ್ರೆ ತೆರೆಯೋ ದೊಡ್ಡ ಬಾಯಿಂದ್ಲೇ, ಅದರ ತಟ್ಟೆ ಪೂರ್ತಿ ಮುಚ್ತಿಲ್ಲ. ತಟ್ಟೆಗೆ ತಡೆ ಕೊಡೋಕೆ ಈ ಪುಟ್ಟ ಸ್ಕ್ರೂ ಇದೆಯಲ್ಲ, ಫ್ಯಾಕ್ಟರೀಲಿ ಕೂರಿಸಿ ಕಳಿಸ್ತಾರೆ, ಮುಟ್ಟಬಾರದು. ಒಂದೂವರೆ ಸುತ್ತು ಒಳಗೆ ಹೋಗಿದೆ ಅಷ್ಟೇ, ಹಿಂದಕ್ಕೆ ತಿರುಗಿಸಿದ್ರೆ...

ಏನು?

ಯಾಕೆ ಇಂಜಿನ್ ಆಫ್ ಮಾಡಿದೆ?... ಒಂದೂವರೆ ಅಂದ್ನಾ, ತಿರುಗಿಸಿ ನೋಡೋ ಮುಂಚೇನೇ? ಅಂದಾಜು, ಕಣ್ಣಳತೆ! ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನೋಡಿದ್ರೆ ಗೊತ್ತಾಗಲ್ವಾ ನಂಗೆ?... ಟ್ವೈಲಾ. ಏನಾದ್ರೂ ಮಾತಾಡು. ಬೈಯಿ. ಹೀಗೆ ನಿಂತ್ಕೋಬೇಡ.

...

ಸಾಯೋಕೆ ಎರಡು ದಿನ ಮುಂಚೆ, ಸೋಮವಾರ ಬಂದಿದ್ದ ಆರಿನ್. ವೇಡ್ ಕೇಬಲ್ ಹಾಕೋಕೆ ಒಂದು ದಿನ ಮುಂಚೆ. 'ಪ್ರತಿ ಬೇಲಿ ಬಾಗಿಲಲ್ಲೂ ಗಾಡಿ ಆಫಾಗತ್ತೆ ಕಣೋ, ಏನಾದ್ರೂ ಮಾಡು' ಅಂದ. ವಾಲ್ವಿಗೆ ಮಸಿ ಹಿಡಿದಿತ್ತು. ಬಿಚ್ಚಿ ತೊಳೀಬೇಕಿತ್ತು, ಅರ್ಧ ಗಂಟೆ ಕೆಲಸ. ನಾನು ಕಾರ್ಬ್ಯುರೇಟರ್ ಕಾಲದವನು... ಅದರಲ್ಲಿ ಗಾಡಿ ನಿಂತುಹೋದ್ರೆ ಸ್ಕ್ರೂ ತಿರುಗಿಸಿದ್ರೆ ಮುಗೀತು. ಈ ನೆಬ್ರಾಸ್ಕದಲ್ಲಿ ಸಾವಿರ ಗಾಡಿಗೆ ಹಾಗೇ ಮಾಡಿದ ಕೈ ಇದು. ಇದಕ್ಕೂ ಹಾಗೇ ಮಾಡಿಬಿಟ್ಟೆ, ಒಂದೂವರೆ ಸುತ್ತು. ಆಫಾಗ್ದೆ ಸೊಗಸಾಗಿ ಓಡ್ತಿತ್ತು ಇಂಜಿನ್ನು. ಬೆನ್ನು ತಟ್ಟಿ ಹೋದ ಆರಿನ್. ಆಮೇಲೆ ಆ ಬುಧವಾರದ ಚಳೀಲಿ ಮಸಿ ಬಿಟ್ಕೊಂಡು ವಾಲ್ವೂ ತೆರ್ಕೊಂಡು, ಎರಡೂ ಕಡೆಯಿಂದ ಗಾಳಿ ನುಗ್ಗಿರ್ಬೇಕು...

ಮಣ್ಣು ಮಾಡಿದ ಮೇಲಿನ ಊಟದಲ್ಲಿ, ಚರ್ಚಿನ ಕೆಳಮಾಳಿಗೇಲಿ, ಎಲ್ಲರೂ ಗಾಡಿಗೇನಾಯ್ತು ಅಂತ ನನ್ನೇ ಕೇಳಿದ್ರು. ಹಂದಿಮಾಂಸ ತಿಂತಾ ಅಂದುಬಿಟ್ಟೆ, 'ಹೊಸ ಕೇಬಲ್ ಬಿಗಿ ಆಗಿರ್ಬೇಕು' ಅಂತ. ವೇಡ್ ಅಲ್ಲೇ ನಿಂತಿದ್ದ. ಅವನ ಮುಖ ನೋಡಿದೆ, ಟ್ವೈಲಾ. ನೋಡಿಯೂ ಸುಮ್ನಿದ್ದೆ. ನಾಚಿಕೆಗೇಡಿ ನಾನು... ಹೇಡಿ.

ನಾನೇ ಬಂದು ಅವನಿಗೆ ಹೇಳ್ತೀನಿ. ನಾಳೆ... ಅಲ್ಲ, ಇವತ್ತೇ ಬರ್ತೀನಿ. ಹೇಗೆ ಹೇಳ್ಬೇಕು ಅಂತ ಸ್ವಲ್ಪ...

ಜೇಬಿಂದ ಏನು ತೆಗೀತಿದ್ದೀಯ?... ಫೋನಾ? ಯಾರಿದ್ದಾರೆ ಇದರಲ್ಲಿ? ಇಷ್ಟು ಹೊತ್ತೂ ಲೈನಲ್ಲಿ...

ಹಲೋ?... ವೇಡ್? ನಾನಪ್ಪಾ, ವರ್ಲಿನ್... ಎಲ್ಲಾ ಕೇಳಿಸ್ಕೊಂಡ್ಯಾ ಮಗಾ?... ವೇಡ್?

ಉಸಿರಾಡೋದು ಕೇಳಿಸ್ತಿದೆ, ಟ್ವೈಲಾ... ಅವನೂ ಮಾತಾಡ್ತಿಲ್ಲ.