ಜರಾ ಊದ್ರಿ, ಸಾವಕಾರ್ರ

ಮೋರಖಂಡಿಯಲ್ಲಿ ನನ್ನ ನಾದಿನಿಯ ಮಗುವಿಗೆ ಹೆಸರಿಟ್ಟ ದಿನ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಊಟ ಮುಗಿದು, ತೊಟ್ಟಿಲು ತೂಗಿ, ಬಂದವರೆಲ್ಲ ಹೊರಡುವ ಹೊತ್ತಿಗೆ ಅದು ಇನ್ನೂ ಜೋರಾಯಿತು. ಹಿತ್ತಲ ಕೊಟ್ಟಿಗೆಯ ಮರೆಯಲ್ಲಿ ಗೆಳೆಯರ ಜೊತೆ ಕೂತು ಕುಡಿದು ಬಂದಿದ್ದ ನನ್ನ ಭಾವಮೈದುನ ಸೂರ್ಯಕಾಂತ, ಹುಮನಾಬಾದಿಗೆ ಹೊರಡಲು ಕಾರಿನ ಕಡೆ ನಡೆದ. ಪೊಲೀಸರು ಹಿಡಿದಾರು ಎಂದು ಹೆಂಡತಿ ಅಂದದ್ದಕ್ಕೆ ನಕ್ಕು, "ಹಿಡದ್ರ ಒಂದು ಫೋನ್ ಮಾಡಿಸಿದ್ರಾತು ಬಿಡು" ಎಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಮನೆಗೆಲ್ಲ ಹಿರಿಯಳಾದ ಸಂಗಮ್ಮಜ್ಜಿ ಎದ್ದು ಬಂದು ತಲಬಾಗಿಲಿಗೆ ಅಡ್ಡಲಾಗಿ ಕುಳಿತುಬಿಟ್ಟಳು. ಅವಳನ್ನು ದಾಟಿಕೊಂಡು ಹೋಗುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಡುಗೆಮನೆಯಿಂದ ಹೆಂಗಸರು ಬಂದರು, ಮಕ್ಕಳು ತಾಯಂದಿರ ಮಡಿಲು ಸೇರಿದವು. ಯಾರೋ ಒಂದು ಕಂದೀಲು ತಂದಿಟ್ಟರು.

"ಕೂಡು ಸೂರ್ಯಾ," ಎಂದಳು ಅಜ್ಜಿ. "ಒಂದು ಮಾತು ಹೇಳತೀನಿ, ಕೇಳು. ಆಮ್ಯಾಲ ಹೋಗೂದಿದ್ರ ಹೋಗು, ನಾ ತಡಿಯೂದಿಲ್ಲ."

ಸೂರ್ಯಕಾಂತ ಕಂಬಕ್ಕೆ ಒರಗಿ ಕೂತ. ಅಜ್ಜಿ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಶುರುಮಾಡಿದಳು.

"ನನ್ನ ತವರಮನಿ ಅಣ್ಣ ಮಹಾರುದ್ರಪ್ಪ, ಮಾಣಿಕನಗರದಾಗ ದೊಡ್ಡ ಅಂಗಡಿ ಇಟ್ಟಾಂವ... ಅಂವಗ ಒಬ್ಬನೇ ಮಗ, ಸಂಜೀವಕುಮಾರ. ತಾಯಿ ಜಲ್ದಿ ಹೋದಳು, ಹಂಗಾಗಿ ನಾನೇ ಎತ್ತಿ ಆಡಿಸೀನಿ ಅವನ್ನ. ಹುಡುಗ ಬಂಗಾರದಂಥಾಂವ್ರಿ, ಖರೇ ಹೇಳತೀನಿ, ಆದ್ರ ದೊಡ್ಡಾಂವ ಆದ ಮ್ಯಾಲ ಕುಡಿಯೂ ಚಟಾ ಹತ್ತಿತು. ಕುಡದು ಮನ್ಯಾಗ ಬಿದ್ದಿದ್ರ ಒಂದು ಮಾತು, ಕುಡದು ಗಾಡಿ ಹೊಡೀತಿದ್ದ. ಬಸವಕಲ್ಯಾಣಕ್ಕ ಮಾಲು ಹಾಕಿ ಹೊಳ್ಳಿ ಬರುವಾಗ ದಿನಾ ಅದೇ ಹಾಡು. ಯಾರ ಮಾತು ಕೇಳ್ತಾನ?

"ಆಗ ಇದೇ ಹುಮನಾಬಾದ ಹೈವೇಕ್ಕ ನಾಕಾಬಂದಿ ಹಾಕಿ ನಿಂದರತಿದ್ದ ಒಬ್ಬ ಪೊಲೀಸ, ಕಲ್ಲಿನಾಥ ಅಂತ. ಬಾಯಿ ಭಾಳ ಮೆತ್ತಗ, ಕೈ ಭಾಳ ಬಿಗಿ. ಸಾಹೇಬ್ರ ಫೋನ್ ಬರಲಿ, ಲೀಡರ್ ಫೋನ್ ಬರಲಿ, 'ಹೂಂರಿ, ಹೂಂರಿ' ಅಂತ ಕೇಳಿ, ಫೋನ್ ಇಟ್ಟು, ಕೇಸ್ ಹಾಕೇ ಬಿಡ್ತಿದ್ದ. ಊದೂ ಮಷಿನ್ ಬಾಯಿ ಮುಂದ ಹಿಡದು, ಕೂಸಿಗೆ ಹೇಳಿದಂಗ ಹೇಳಾಂವ: 'ಜರಾ ಊದ್ರಿ, ಸಾವಕಾರ್ರ... ಇನ್ನಾ ಜರಾ... ಇನ್ನಾ ಜರಾ.' ನಮ್ಮ ಸಂಜೂನ್ನೂ ಹಿಡದ. ಗಾಡಿ ಜಪ್ತಿ ಆತು, ಕೋರ್ಟಿನ್ಯಾಗ ಕಟಕಟಿ ಹತ್ತಿ ದಂಡಾ ಕಟ್ಟಿದ, ಲೈಸೆನ್ಸ್ ಕಸಗೊಂಡ್ರು. ಎರಡನೇ ಸಲ ಸಿಕ್ಕರ ಜೈಲೇ ಗತಿ ಅಂತ ಜಡ್ಜ್ ಸಾಹೇಬ್ರು ಎದುರಿಗೇ ಹೇಳಿ ಕಳಿಸಿದ್ರು.

"ಬಿಟ್ಟನೇನು? ಬಿಡಲಿಲ್ಲ.

"ಒಂದಿನಾ ಸಂಜಿಮುಂದ, ಹಿಂಗೇ ಮಳಿ... ಕುಡದು ಹೊಂಟಾನ. ಬಂಗ್ಲಾ ಕ್ರಾಸ್ ದಾಟಿ ಇತ್ತಾಗ ಬರೂತನಾ ಎದುರಿಗೆ ಬ್ಯಾರಿಕೇಡ, ಬ್ಯಾರಿಕೇಡಿನ ಮುಂದ ಕಲ್ಲಿನಾಥ, ಕೈ ಎತ್ತಿ ನಿಂತಾನ. ಜೈಲಿನ ಮಾತು ನೆಪ್ಪಾತು ಇವಗ. ಬ್ರೇಕಿನ ಮ್ಯಾಲ ಇಡೂ ಕಾಲು, ಯವ್ವಾ... ಎಕ್ಸಿಲೇಟರಿನ ಮ್ಯಾಲ ಇಟ್ಟ.

"ಮಷಿನ್ ಕೈಯಾಗ ಹಿಡದುಕೊಂಡೇ ಸತ್ತ ಅಂವ. ಬೆರಳು ಬಿಡಿಸಿ ತಗೀಬೇಕಾತಂತ."

ಅಜ್ಜಿ ಕಂದೀಲಿನ ಬತ್ತಿ ತುಸು ಏರಿಸಿ ಮುಂದುವರಿಸಿದಳು.

"ಗಾಡಿ ಯಾವುದಂತ ಜೋಡಿ ಇದ್ದ ಪೊಲೀಸರಿಗೆ ತಿಳೀತು, ಹೊಡದಾಂವನ ಮಾರಿ ಮಾತ್ರ ಆ ಮಳ್ಯಾಗ ಯಾರೂ ನೋಡಲಿಲ್ಲ. ನಮ್ಮಣ್ಣ ಏನು ಮಾಡಿದ? ಅವತ್ತ ರಾತ್ರೀನೇ ಅಂಗಡಿ ಡ್ರೈವರ್ ತುಳಜಾರಾಮನ್ನ ಠಾಣೆಗೆ ಕಳಿಸಿದ, ನಾನೇ ಹೊಡೀತಿದ್ದೆ ಅಂತ ಹೇಳು ಅಂದ. ಆ ಬಡಪಾಯಿ ಜನ್ಮದಾಗ ಒಂದು ಹನಿ ಮುಟ್ಟಿದಾಂವಲ್ಲ. ಅಂವಗ ಊದಿಸಿದ್ರು, ರಕ್ತಾ ತಗದ್ರು, ಏನು ಸಿಕ್ಕೀತು? ಕುಡದು ಹೊಡದ ಕೇಸೇ ಆಗಲಿಲ್ಲ, ಮಳ್ಯಾಗ ಕಾಣಲಿಲ್ಲ ಅಂತ ಬರದ್ರು. ನಮ್ಮ ಸಂಜೂನ ರಕ್ತಾ ಯಾರೂ ಕೇಳಲಿಲ್ಲ, ಅಂವನ ಉಸರು ಯಾರೂ ನೋಡಲಿಲ್ಲ. ಮಾಲಕ ಹೊರಗ, ಆಳು ಒಳಗ.

"ಅವತ್ತಿನಿಂದ ಸಂಜು ಕುಡಿಯೂದು ಬಿಟ್ಟ. ಯಾರೂ ಬಿಡಿಸಲಿಲ್ಲ, ತಾನೇ ಬಿಟ್ಟ. ಮಾಣಿಕಪ್ರಭುಗಳ ಗುಡಿಗೆ ದಿನಾ ಹೋಗಾಂವ, ಗಪ್ಪ ಬಂದು ಅಂಗಡ್ಯಾಗ ಕೂಡಾಂವ. ಆತು, ಮುಗೀತು ಅಂತ ತಿಳಕೊಂಡಿದ್ರು ಮನಿ ಮಂದಿ. ಮುಗೀತದೇನ್ರಿ?

"ಲೈಸೆನ್ಸ್ ಹೊಳ್ಳಿ ಸಿಕ್ಕ ಮ್ಯಾಲ ಹೆಂಡತಿ ಜಯಮಾಲಾನ್ನ, ಸಣ್ಣ ಮಗಳನ್ನ ಕರಕೊಂಡು ಚಿಟಗುಪ್ಪಾಕ ಒಂದು ಲಗ್ನಕ್ಕ ಹೊಂಟಿದ್ದ. ಹಾಡಹಗಲು. ಪೊಲೀಸರು ನಿಲ್ಲಿಸಿ ಊದಸಿದ್ರು. ಮಷಿನ್ ಪೀಂ... ಅಂತ ಒದರತು! ಹೆಂಡತಿ ಆಣಿ ಮಾಡಿ ಹೇಳ್ಯಾಳ, ನಮ್ಮವ್ರು ಮುಟ್ಟಿಲ್ರಿ ಅಂತ. ಬ್ಯಾರೆ ಮಷಿನ್ ತಂದ್ರು. ಅದೂ ಪೀಂ... ದವಾಖಾನ್ಯಾಗ ರಕ್ತಾ ತಗದು ನೋಡಿದ್ರ ಏನೂ ಇಲ್ಲ, ನೀರಿನಂಗ ಸ್ವಚ್ಛ. ಪೊಲೀಸರೇ ಹೈರಾಣ ಆಗಿ ಮಾಫಿ ಕೇಳಿ ಬಿಟ್ಟ್ರು. ಆದ್ರ ಸಂಜೂನ ಮಾರಿ ಮಾತ್ರ ಬೂದಿ ಬಡದಂಗಾಗಿತ್ತಂತ. ಯಾಕಂದ್ರ ಮಷಿನ್ ಹಿಡದಾಂವ ಹದಿನೆಂಟು ಇಪ್ಪತ್ತರ ಹೊಸ ಪೊಲೀಸ... ಅಂವನ ಬಾಯಿಂದ ಬಂದ ದನಿ ಅಂವಂದಲ್ಲ. 'ಜರಾ ಊದ್ರಿ, ಸಾವಕಾರ್ರ... ಇನ್ನಾ ಜರಾ...'

"ಆಮ್ಯಾಲ ಅದು ಮನೀಗೇ ಬಂತ್ರಿ.

"ಮಗಳು ಬಿಸಿ ಅನ್ನಾ ಉಣ್ಣಾಕತ್ತಿದ್ಲು, ಆರಲಿ ಅಂತ ಇಂವ ಉಫ್ ಅಂತ ಊದಿದ. ಗೋಡಿ ಒಳಗಿಂದ ಪೀಂ... ಅಂತ ಕೇಳತು. ಜಯಮಾಲಾನೂ ಕೇಳಿದಳು. ದೇವರ ಜಗಲಿ ಮ್ಯಾಲಿನ ಬೂದಿ ಊದಿದ, ಅಲ್ಲೂ ಪೀಂ. ಛಾ ಊದಿದ, ಪೀಂ. ಕಡೀಕಡೀಗೆ ಬಾಯಿಗೆ ಅರಬಿ ಕಟಗೊಂಡು ಕೂಡಾಕತ್ತಿದ. ಮಗಳು ಹತ್ತರ ಬಂದ್ರ ಮಾರಿ ತಿರುಗಿಸಾಂವ... ಕೂಸಿಗೆ ಮುತ್ತು ಕೊಡಬೇಕಂದ್ರೂ ಉಸರು ಹಿಡದುಕೊಂಡು ಕೊಡಾಂವ.

"ಒಂದಿನಾ ಇಲ್ಲಿಗೆ, ಇದೇ ಮನೀಗೆ ಬಂದ. ಆಗ ತಿಳಸಿದ ನನಗ ಎಲ್ಲಾ. ಅಲ್ಲೀತನಕ ತುಳಜಾರಾಮನೇ ಹೊಡದಾನಂತ ನಾನೂ ನಂಬಿದ್ದೆ. ನನ್ನ ತೊಡಿ ಮ್ಯಾಲ ತಲಿ ಇಟ್ಟು, ಸಣ್ಣ ಹುಡುಗ ಅತ್ತಂಗ ಅತ್ತ. 'ಅತ್ತಿ, ಅಂವ ಎಲ್ಲಾ ಕಡೆ ನಿಂತಾನ. ಏನು ಮಾಡಲಿ?' ಅಂದ. ಏನು ಹೇಳಲಿ ನಾ? ತಾಯತಾ ಕಟ್ಟಿಸಲೇನು? 'ತುಳಜಾರಾಮನ ಹೆಂಡ್ತಿ ಎರಡು ಹುಡುಗರ್ನ ಕಟಗೊಂಡು ಕೋರ್ಟಿಗೆ ತಿರಗಾಕತ್ಯಾಳ, ನಡೀ, ಠಾಣೆಗೆ ಹೋಗೂಣು. ನಾನೂ ಬರತೀನಿ ಜೋಡಿ' ಅಂದೆ. ಕಣ್ಣು ಒರಸಿಕೊಂಡ. ಛಾ ಕೇಳಿ ಕುಡದ, ಊದಲಾರದನೇ ಕುಡದ, ಬಾಯಿ ಸುಟಗೊಂಡ. ಹೊಂಟಿವಿ.

"ನಾ ಅಂವನ ಮಗ್ಗಲದಾಗ ಕುಂತಿದ್ದೆ ನೋಡ್ರಿ. ಇದು ಯಾರೋ ಹೇಳಿದ್ದಲ್ಲ, ನನ್ನ ಕಣ್ಣೀಲೆ ನೋಡಿದ್ದು. ಮಧ್ಯಾಹ್ನ ಹೊತ್ತು, ಮಾಡಾ ಕಟ್ಟಿ ಕತ್ತಲಿ ಆಗಿತ್ತು. ಕಲ್ಲಿನಾಥ ಸತ್ತ ಜಾಗಾಕ್ಕ ಬಂದು ಗಾಡಿ ನಿಲ್ಲಿಸಿದ. 'ಯಾಕಪಾ?' ಅಂದೆ. 'ನಾಕಾಬಂದಿ ಐತಲ್ಲತ್ತಿ' ಅಂದ. ನಾ ನೋಡತೀನಿ, ನೋಡತೀನಿ... ಏನೂ ಇಲ್ಲ. ತೊಯ್ದ ರೋಡು, ಎರಡೂ ಕಡೆ ತೊಗರಿ ಹೊಲ, ಒಂದು ನಾಯಿ ಸೈತ ಇಲ್ಲ. ಅಂವ ಕಿಟಕಿ ಕಾಚು ಇಳಿಸಿದ. ಥಂಡಿ ಒಳಗ ಬಂತು, ಮಳೀ ಥಂಡಿ ಅಲ್ಲ ಅದು, ಬಾವಿ ತಳದ ಥಂಡಿ. ಹೊರಗ ಮಾರಿ ಮಾಡಿ ಕೈ ಮುಗದ. 'ಕಲ್ಲಿನಾಥಪ್ಪಾ, ಠಾಣೆಗೇ ಹೊಂಟೀನಿ. ಹೇಳಾಕೇ ಹೊಂಟೀನಿ' ಅಂದ.

"ಆಮ್ಯಾಲ ತುಟಿ ದುಂಡಗ ಮಾಡಿ... ಊದಾಕತ್ತಿದ.

"ಊದಿದ, ಊದಿದ, ಊದಿದ. ಮನಷ್ಯಾನ ಎದ್ಯಾಗ ಅಷ್ಟು ಉಸರು ಇರತದೇನ್ರಿ? ನಾ ರಟ್ಟಿ ಹಿಡದು ಜಗ್ಗಿದೆ, 'ಸಾಕೋ ಸಂಜೂ, ಉಸರು ತಗೋ' ಅಂತ ಬೆನ್ನಿಗೆ ಗುದ್ದಿದೆ. ಕಣ್ಣು ನನ್ನ ಕಡೆ ತಿರುಗಿಸಿದ... ಬಿಡಸು ಅನ್ನೂ ಕಣ್ಣು ಅವು. ಬಾಯಿ ಮಾತ್ರ ಅಲ್ಲೇ ಅಂಟಿಕೊಂಡಿತ್ತು. ಮಾರಿ ಕೆಂಪಾತು, ನೀಲಿ ಆತು, ಇನ್ನೂ ಊದಾಕತ್ತಾನ. ಆ ಸಲ ಮಷಿನ್ ಒದರಲಿಲ್ಲ. ಒಂದು ಸಪ್ಪಳಿಲ್ಲ. ಸ್ಟೇರಿಂಗಿನ ಮ್ಯಾಲ ತಲಿ ಇಟ್ಟ, ಅಷ್ಟೇ.

"ಹಾರ್ಟ್ ಅಟ್ಯಾಕ್ ಅಂದ್ರು ಡಾಕ್ಟರು. ಹೆಣದ ತುಟಿ ಮಾತ್ರ ದುಂಡಗೇ ಉಳಿದಿದ್ವು, ಜಯಮಾಲಾ ಎಷ್ಟು ಸವರಿದ್ರೂ ಮುಚ್ಚಲಿಲ್ಲ. ಮಣ್ಣು ಮಾಡಿ ಬಂದು ನಾನೂ ಜಯಮಾಲಾನೂ ಠಾಣೆಗೆ ಹೋಗಿ ಇದ್ದದ್ದು ಇದ್ದಂಗ ಹೇಳಿದಿವಿ. ತುಳಜಾರಾಮ ಬಿಡುಗಡೆ ಆಗಿ ಮನೀಗೆ ಹೋದ. ನಮ್ಮಣ್ಣ ಅವತ್ತಿನಿಂದ ನನ್ನ ಜೋಡಿ ಮಾತು ಬಿಟ್ಟಾನ, ಬಿಡಲಿ."

"ಅಲ್ಲಿಗೆ ಮುಗೀತಲ್ಲ ಬೇ," ಎಂದ ಸೂರ್ಯಕಾಂತ. ಅವನ ದನಿಯಲ್ಲಿ ಆಗಿನ ನಗು ಇರಲಿಲ್ಲ. "ಕಲ್ಲಿನಾಥಗ ಬೇಕಾದದ್ದು ಸಿಕ್ತು."

"ನಾನೂ ಹಂಗೇ ತಿಳಿದಿದ್ದೆ, ತಮ್ಮಾ," ಎಂದಳು ಅಜ್ಜಿ ಮೆಲ್ಲಗೆ. "ಕಲ್ಲಿನಾಥ ಹೋದ, ಖರೇನೇ. ಅಂವ ಈಗ ಅಲ್ಲಿಲ್ಲ. ಹ್ವಾದ ತಿಂಗಳ ಹುಮನಾಬಾದದಿಂದ ಬಸ್ಸಿನ್ಯಾಗ ಬರಾಕತ್ತಿದ್ದೆ, ಕಿಟಕಿ ಮಗ್ಗಲಕ್ಕ ಕುಂತಿದ್ದೆ, ಹನಿ ಹನಿ ಮಳಿ. ಆ ಜಾಗಾ ಬಂತು. ಕಿವಿ ಹತ್ತರನೇ ಯಾರೋ ಅಂದ್ರು, 'ಜರಾ ಊದ್ರಿ.' ಕಲ್ಲಿನಾಥನ ದನಿ ಅಲ್ಲ ಅದು... ನಾ ಎತ್ತಿ ಆಡಿಸಿದ ಕೂಸಿನ ದನಿ ನನಗ ತಿಳಿಯೂದಿಲ್ಲೇನು? ಸೆರಗು ಬಾಯಿಗೆ ಒತ್ತಿಕೊಂಡು ಕುಂತೆ. ಬಸ್ಸಿನ ಜೋಡಿ ಓಡಾಕತ್ತಿದ್ದ ನಮ್ಮ ಸಂಜು. ಒಂದು ಕಿಟಕಿ ಬಿಟ್ಟು ಮತ್ತೊಂದು ಕಿಟಕಿ, ಅದನ್ನ ಬಿಟ್ಟು ಮುಂದಿಂದು... 'ಜರಾ ಊದ್ರಿ, ಜರಾ ಊದ್ರಿ' ಅನಕೋತ, ಕಡೀಗೆ ಡ್ರೈವರನ ಕಿಟಕಿಗೆ ಹೋಗಿ ನಿಂತ. ಡ್ರೈವರ ರೋಡಿನ ಮ್ಯಾಲಿನ ಕಣ್ಣು ತಗೀಲಿಲ್ಲ, ಕೈ ಹಾಕಿ ಸುಮ್ಮನ ಕಾಚು ಏರಿಸಿದ.

"ಬಸ್ ಇಳದ ಮ್ಯಾಲ ಅಂವನ್ನ ಕೇಳಿದೆ: 'ಅಲ್ಲಿ ಯಾಕಪಾ ಕಾಚು ಏರಿಸಿದಿ?'

"ಅಂವ ನನ್ನ ಮಾರಿ ನೋಡಲಿಲ್ಲ. ಏನಂದ ಗೊತ್ತೇನು? 'ಈ ಹಾದ್ಯಾಗ ಗಾಡಿ ಹೊಡಿಯೂ ನಾವೆಲ್ಲಾ ಅಲ್ಲಿ ಏರಸ್ತೇವಿ, ಯವ್ವಾ. ಕುಡದಾವ್ರಿಗೆ ನೆಪ್ಪ ಇರೂದಿಲ್ಲ.'"